ಇಇಜಿ ವರದಿಯ ಆ ಒಂದು ಸಂಖ್ಯೆ: ಪಾರ್ಕಿನ್ಸನ್‌ನಲ್ಲಿ ಮಿದುಳಿನ ಲಯ ಇಳಿಯುವಾಗ

ಪಾರ್ಕಿನ್ಸನ್ ಇರುವ ಹಿರಿಯರಿಗೆ ಯಾವುದೋ ಕಾರಣಕ್ಕೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಿಸಿದ್ದರೆ ಆ ವರದಿಯನ್ನು ಫೈಲಿನಿಂದ ತೆಗೆದು ಒಮ್ಮೆ ನೋಡಿ. ಕೊನೆಯಲ್ಲಿ ಫಿಟ್ಸ್‌ನ ಲಕ್ಷಣ ಕಂಡಿಲ್ಲ ಎಂದು ಬರೆದಿರುತ್ತಾರೆ. ಮನೆಯವರು ಓದಿ ನಿಟ್ಟುಸಿರು ಬಿಡುವುದು ಅದೊಂದೇ ಸಾಲನ್ನು. ಅದಕ್ಕಿಂತ ಮೇಲೆ, ಸಾಮಾನ್ಯವಾಗಿ ಮೊದಲ ಒಂದೆರಡು ಸಾಲಿನಲ್ಲೇ, ಹಿನ್ನೆಲೆಯ ಲಯ ಇಷ್ಟು ಹರ್ಟ್ಸ್ (ಸೆಕೆಂಡಿಗೆ ಇಷ್ಟು ಸಲ) ಎಂದು ಒಂದು ಸಂಖ್ಯೆ ಇರುತ್ತದೆ. ಅದು 9 ಇರಬಹುದು, 8 ಇರಬಹುದು, 7 ಇರಬಹುದು. ಪಾರ್ಕಿನ್ಸನ್ ರೋಗಿಯ ಬುದ್ಧಿಯ ಚುರುಕು ಮುಂದೆ ಹೇಗಿರಬಹುದು ಎಂದು ಕೇಳುವವರಿಗೆ ಇಡೀ ವರದಿಯಲ್ಲಿ ಬೇಕಾದದ್ದು ಆ ಸಂಖ್ಯೆಯೇ. ಆದರೆ ಅದನ್ನು ಸರಿಯಾಗಿ ದಾಖಲಿಸಿರಬೇಕು. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಕಣ್ಣು ಮುಚ್ಚಿ, ಎಚ್ಚರವಾಗಿ, ಸುಮ್ಮನೆ ಕೂತವರ ತಲೆಯ ಹಿಂಭಾಗದಲ್ಲಿ ಒಂದು ಸಮನಾದ ಅಲೆ ಏಳುತ್ತದೆ. ವರದಿಯಲ್ಲಿ ಹಿನ್ನೆಲೆಯ ಲಯ ಎನ್ನುವುದು ಇದನ್ನೇ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದ. ಆಮೇಲೆ ಆಲ್ಫಾ ಎಂದು ಹೆಸರಿಟ್ಟದ್ದು ಈ ಅಲೆಗೇ. ವಯಸ್ಕರಲ್ಲಿ ಅದು ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುತ್ತದೆ. ಬಹಳ ಜನರಲ್ಲಿ 9ರಿಂದ 10ರ ಆಸುಪಾಸು. ಕಣ್ಣು ತೆರೆದ ಕೂಡಲೇ ಅಡಗುತ್ತದೆ, ಮುಚ್ಚಿದರೆ ಮತ್ತೆ ಬರುತ್ತದೆ. ಇದಕ್ಕಿಂತ ನಿಧಾನವಾದ 4ರಿಂದ 8ರ ಅಲೆ ಥೀಟಾ, ಅದಕ್ಕೂ ಕೆಳಗಿನದು ಡೆಲ್ಟಾ, 13ರಿಂದ 30ರವರೆಗಿನದು ಬೀಟಾ. ವಯಸ್ಸಾದಂತೆ ಆಲ್ಫಾ ತುಸು ಇಳಿಯುವುದು ಸಹಜ. ಆದರೆ ಆರೋಗ್ಯವಾಗಿರುವ 80ರ ಹಿರಿಯರಲ್ಲೂ ಅದು 8ಕ್ಕಿಂತ ಕೆಳಗೆ ಹೋಗಬಾರದು. ಹೋಗಿದ್ದರೆ ಅದಕ್ಕೆ ಏನೋ ಕಾರಣವಿದೆ, ಬರೀ ವಯಸ್ಸಿನ ತಲೆಗೆ ಕಟ್ಟುವಂತಿಲ್ಲ. 'ಅರವತ್ತಕ್ಕೆ ಅರಳು ಮರುಳು' ಎಂದು ಬಿಟ್ಟುಬಿಡುವವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ.

ಪಾರ್ಕಿನ್ಸನ್‌ನಲ್ಲಿ ಅರಿವಿನ ಸಾಮರ್ಥ್ಯ ಕುಂದುತ್ತಾ ಹೋದಂತೆ ಈ ಲಯ 9ರಿಂದ 8.5ಕ್ಕೆ, 8ಕ್ಕೆ, 7ಕ್ಕೆ ಜಾರುತ್ತದೆ. ಜೊತೆಗೆ ಥೀಟಾ ಹೆಚ್ಚುತ್ತದೆ, ಕಣ್ಣು ತೆರೆದಾಗ ಅಲೆ ಪೂರ್ತಿ ಅಡಗದೆ ಉಳಿಯತೊಡಗುತ್ತದೆ. 2011ರಲ್ಲಿ 'ನ್ಯೂರಾಲಜಿ' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರಂಭದಲ್ಲಿ ಡಿಮೆನ್ಶಿಯಾ (ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಬುದ್ಧಿ ಕುಂದುವುದು) ಇಲ್ಲದ ಪಾರ್ಕಿನ್ಸನ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ್ದರು. ಹಿನ್ನೆಲೆಯ ಲಯ 8.5 ಹರ್ಟ್ಸ್‌ಗಿಂತ ಕಡಿಮೆ ಇದ್ದವರಿಗೆ ಮುಂದೆ ಡಿಮೆನ್ಶಿಯಾ ಬರುವ ಅಪಾಯ ಉಳಿದವರಿಗಿಂತ 13 ಪಟ್ಟು ಹೆಚ್ಚಿತ್ತು. ಅಂದರೆ ಲಯ ಮೊದಲು ಇಳಿಯುತ್ತದೆ, ಮನೆಯವರ ಕಣ್ಣಿಗೆ ಬೀಳುವ ಬದಲಾವಣೆ ಆಮೇಲೆ ಬರುತ್ತದೆ. ಲೂಯಿ ಬಾಡಿ ಡಿಮೆನ್ಶಿಯಾ ಎನ್ನುವುದು ಪಾರ್ಕಿನ್ಸನ್‌ನ ಹತ್ತಿರದ ನೆಂಟ. 2017ರಲ್ಲಿ ಪರಿಷ್ಕರಿಸಿದ ಅದರ ರೋಗನಿರ್ಣಯದ ಸೂತ್ರಗಳಲ್ಲಿ ತಲೆಯ ಹಿಂಭಾಗದಲ್ಲಿ ಹೀಗೆ ನಿಧಾನಗೊಂಡು ಏರುಪೇರಾಗುವ ಅಲೆಯನ್ನು ಪೂರಕ ಸಾಕ್ಷ್ಯವೆಂದು ಸೇರಿಸಿದ್ದಾರೆ.

1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ ಇಂದ್ರಿಯಗಳಿಗೂ ಬುದ್ಧಿಗೂ ಏನೂ ಆಗುವುದಿಲ್ಲ ಎಂದೇ ಬರೆದಿದ್ದ. ಆ ಮಾತು ಬಹುಕಾಲ ಉಳಿಯಿತು. ಉಳಿಯಲು ಒಂದು ಕಾರಣ, ಇಲ್ಲಿ ಬುದ್ಧಿ ಕುಂದುವ ರೀತಿ ನಾವು ಡಿಮೆನ್ಶಿಯಾ ಎಂದರೆ ಊಹಿಸಿಕೊಳ್ಳುವ ರೀತಿಯದಲ್ಲ. ಮೊಮ್ಮಗನ ಹೆಸರು ಮರೆಯುವುದಿಲ್ಲ, ಮನೆಯ ದಾರಿ ತಪ್ಪುವುದಿಲ್ಲ. ಬದಲಿಗೆ, ಕೇಳಿದ ಪ್ರಶ್ನೆಗೆ ಉತ್ತರ ಬರಲು ಹತ್ತು ಸೆಕೆಂಡು ಹಿಡಿಯುತ್ತದೆ. ಇಬ್ಬರೇ ಕೂತು ಮಾತಾಡಿದರೆ ಸರಿ, ಮದುವೆಮನೆಯ ಗದ್ದಲದಲ್ಲಿ ಮಾತಿನ ಎಳೆ ಕಳೆದುಹೋಗುತ್ತದೆ. ನಲವತ್ತು ವರ್ಷ ಹಬ್ಬದಡುಗೆ ಮಾಡಿದ ಕೈಗೆ ಯಾವುದನ್ನು ಮೊದಲು ಒಲೆಗಿಡಬೇಕು ಎಂಬ ಕ್ರಮ ಕೈಕೊಡುತ್ತದೆ. ನಡೆಯುತ್ತಿರುವಾಗ ಮಾತಾಡಿಸಿದರೆ ಹೆಜ್ಜೆ ನಿಂತುಬಿಡುತ್ತದೆ. ನೆನಪಿನ ತೊಂದರೆಯಲ್ಲೂ ವ್ಯತ್ಯಾಸವಿದೆ: ಶುರುವಿನಲ್ಲಿ ಒಂದು ಸುಳಿವು ಕೊಟ್ಟರೆ ಹೆಚ್ಚಿನವರಿಗೆ ವಿಷಯ ನೆನಪಾಗುತ್ತದೆ. ಆಲ್‌ಝೈಮರ್‌ನಲ್ಲಿ ವಿಷಯ ಒಳಗೆ ಇಳಿದೇ ಇರುವುದಿಲ್ಲವಾದ್ದರಿಂದ ಸುಳಿವಿನಿಂದ ಅಷ್ಟು ಪ್ರಯೋಜನವಿಲ್ಲ.

ಎರಡು ರಾಸಾಯನಿಕ, ಎರಡು ಲಯ

ಡೋಪಮಿನ್ ಎಂಬ ಹೆಸರು ಎಲ್ಲರಿಗೂ ಗೊತ್ತು. ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ ಅದನ್ನು ತಯಾರಿಸುವ ನರಕೋಶಗಳು ಸಾಯುತ್ತವೆ, ಕೈಕಾಲು ಬಿಗಿಯುತ್ತದೆ, ನಡುಕ ಬರುತ್ತದೆ, ಲೆವೊಡೋಪಾ ಕೊಟ್ಟರೆ ಸುಧಾರಿಸುತ್ತದೆ. ಈ ಕಥೆ ಚಲನೆಗೆ ಸರಿ. ಬುದ್ಧಿಯ ವಿಷಯಕ್ಕೆ ಬಂದರೆ ಇನ್ನೊಂದು ರಾಸಾಯನಿಕದ ಹೆಸರು ಹೇಳಲೇಬೇಕು, ಅಸಿಟೈಲ್‌ಕೋಲಿನ್. ಮಿದುಳಿನ ಮುಂಭಾಗದ ತಳದಲ್ಲಿ ಮೈನರ್ಟ್‌ನ ನ್ಯೂಕ್ಲಿಯಸ್ ಬೇಸಾಲಿಸ್ ಎಂಬ ಪುಟ್ಟ ಗುಂಪು ಇದೆ. ಮಿದುಳಿನ ಹೊರಪದರಕ್ಕೆಲ್ಲ ಅಸಿಟೈಲ್‌ಕೋಲಿನ್ ಹೋಗುವುದು ಬಹುಪಾಲು ಅಲ್ಲಿಂದಲೇ. ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಗಟ್ಟಿ ಲೂಯಿ ಬಾಡಿಗಳಾಗುತ್ತದಲ್ಲ, ಅದು ಈ ಗುಂಪನ್ನೂ ಬಿಡುವುದಿಲ್ಲ. ಪೆಟ್ ಸ್ಕ್ಯಾನಿನಲ್ಲಿ ಅಳೆದಾಗ ಪಾರ್ಕಿನ್ಸನ್ ಡಿಮೆನ್ಶಿಯಾದವರ ಹೊರಪದರದಲ್ಲಿ ಅಸಿಟೈಲ್‌ಕೋಲಿನ್ ವ್ಯವಸ್ಥೆಯ ನಷ್ಟ ಆಲ್‌ಝೈಮರ್‌ನವರಿಗಿಂತಲೂ ಹೆಚ್ಚು ಎಂದು 2003ರಲ್ಲೇ ತೋರಿಸಿದ್ದರು. ಓದಿದವರಿಗೆಲ್ಲ ಅಚ್ಚರಿ ತರುವ ಫಲಿತಾಂಶ ಅದು.

ಲಯಕ್ಕೂ ಇದಕ್ಕೂ ಏನು ಸಂಬಂಧ? ಆಲ್ಫಾ ಹುಟ್ಟುವುದು ಮಿದುಳಿನ ನಡುವೆ ಇರುವ ಥಲಾಮಸ್ ಮತ್ತು ಹೊರಪದರದ ನಡುವಿನ ಹೋಗಿಬರುವ ಸಂಪರ್ಕದಲ್ಲಿ. ಥಲಾಮಸ್‌ನ ಕೋಶಗಳನ್ನು ಅಸಿಟೈಲ್‌ಕೋಲಿನ್ ಎಚ್ಚರದ ಮಟ್ಟದಲ್ಲಿ ಇಟ್ಟಿರುತ್ತದೆ. ಅದು ಕಡಿಮೆಯಾದರೆ ಕೋಶದ ಒಳಗಿನ ವಿದ್ಯುತ್ ಮಟ್ಟ ಕೆಳಗಿಳಿಯುತ್ತದೆ. ಆಗ ಒಂದು ಬಗೆಯ ಕ್ಯಾಲ್ಸಿಯಂ ದ್ವಾರಗಳು ತೆರೆಯಲು ಸಿದ್ಧವಾಗಿ, ಕೋಶ ಒಂದೊಂದಾಗಿ ಸಂಕೇತ ಕಳಿಸುವ ಬದಲು ಗುಂಪುಗುಂಪಾಗಿ, ತಡೆದು ತಡೆದು ಕಳಿಸತೊಡಗುತ್ತದೆ. ಆ ತಡೆತಡೆದ ಸಂಕೇತದ ವೇಗ ಥೀಟಾದ ವೇಗಕ್ಕೆ ಹತ್ತಿರ. ಆರೋಗ್ಯವಂತರಿಗೆ ಅಸಿಟೈಲ್‌ಕೋಲಿನ್ ತಡೆಯುವ ಸ್ಕೋಪೊಲಮಿನ್ ಕೊಟ್ಟರೂ ಆಲ್ಫಾ ಕುಗ್ಗಿ ನಿಧಾನದ ಅಲೆಗಳು ಏಳುತ್ತವೆ. ಪಾರ್ಕಿನ್ಸನ್ ಡಿಮೆನ್ಶಿಯಾದವರಿಗೆ ಅಸಿಟೈಲ್‌ಕೋಲಿನ್ ಉಳಿಸುವ ರಿವಾಸ್ಟಿಗ್ಮಿನ್ ಕೊಟ್ಟಾಗ ಆಲ್ಫಾದ ಪಾಲು ಹೆಚ್ಚುವುದನ್ನೂ ದಾಖಲಿಸಿದ್ದಾರೆ. ಎರಡೂ ದಿಕ್ಕಿನಿಂದ ಸಾಕ್ಷ್ಯ ಒಂದೇ ಕಡೆ ಬೆರಳು ತೋರಿಸುತ್ತದೆ.

ಬೀಟಾದ ವಿಷಯ ಬೇರೆ, ಅದನ್ನು ಇದರೊಡನೆ ಬೆರೆಸಬೇಡಿ. ಮಿದುಳಿನೊಳಗೆ ತಂತಿ ಇಟ್ಟು ವಿದ್ಯುತ್ ಹರಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆಯ ಬಗ್ಗೆ ಓದುವಾಗ, ಮಿದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಬೀಟಾ ಅಲೆ ಹೆಚ್ಚಾಗಿದೆ ಎನ್ನುವ ಮಾತು ಬರುತ್ತದೆ. ಅದು ಬಿಗಿತಕ್ಕೂ ಚಲನೆಯ ನಿಧಾನಕ್ಕೂ ಸಂಬಂಧಿಸಿದ್ದು. ಲೆವೊಡೋಪಾ ಕೊಟ್ಟರೆ ಇಳಿಯುತ್ತದೆ. ತಲೆಯ ಹಿಂಭಾಗದ ಲಯ ಲೆವೊಡೋಪಾ ಕೊಟ್ಟರೆ ಹಾಗೆ ಮೇಲೇಳುವುದಿಲ್ಲ. ಅಪ್ಪನ ಮಾತು ನಿಧಾನವಾಗಿದೆ, ಗಮನ ನಿಲ್ಲುತ್ತಿಲ್ಲ, ಲೆವೊಡೋಪಾ ಇರುವ ಸಿಂಡೋಪಾ ಇನ್ನೊಂದು ಮಾತ್ರೆ ಜಾಸ್ತಿ ಮಾಡೋಣವೇ ಎಂದು ಕೇಳುವವರಿಗೆ ಇದೇ ಉತ್ತರ. ಕೆಲವು ಕೆಲಸಗಳಿಗಂತೂ ಹೆಚ್ಚಿನ ಡೋಪಮಿನ್ ತೊಂದರೆಯನ್ನೇ ಮಾಡುತ್ತದೆ. ಕಾಯಿಲೆಯ ಶುರುವಿನಲ್ಲಿ ಮಿದುಳಿನ ಆಳದಲ್ಲಿ ಡೋಪಮಿನ್ ತಲುಪುವ ಸ್ಟ್ರಯೇಟಮ್‌ನ ಮೇಲ್ಭಾಗದಲ್ಲಿ ಡೋಪಮಿನ್ ಬರಿದಾಗಿರುತ್ತದೆ, ಕೆಳಭಾಗದಲ್ಲಿ ಇನ್ನೂ ಸಾಕಷ್ಟಿರುತ್ತದೆ. ಮೇಲ್ಭಾಗಕ್ಕೆ ಸಾಕಾಗುವಷ್ಟು ಕೊಟ್ಟರೆ ಕೆಳಭಾಗದಲ್ಲಿ ತುಂಬಿ ಚೆಲ್ಲುತ್ತದೆ. ಅದರಿಂದ ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದು ಸುಲಭವಾದರೂ, ತಪ್ಪಿನಿಂದ ಪಾಠ ಕಲಿತು ಆಯ್ಕೆ ಬದಲಿಸುವುದು ಕಷ್ಟವಾಗುತ್ತದೆ.

ಕೇಂಬ್ರಿಜ್‌ನ ಸಂಶೋಧಕರು ಬುದ್ಧಿಯ ಇಳಿತವನ್ನು ಎರಡು ಬಗೆಯಾಗಿ ಬೇರ್ಪಡಿಸಿ ನೋಡುತ್ತಾರೆ. ಯೋಜನೆ, ಗಮನದಂಥ ಮುಂಭಾಗದ ಕೆಲಸಗಳು ಡೋಪಮಿನ್‌ಗೆ ಸೇರಿದವು. ಇವು ಬೇಗ ಕೆಡುತ್ತವೆ, ಆದರೆ ವರ್ಷಗಟ್ಟಲೆ ಅಷ್ಟರಲ್ಲೇ ನಿಲ್ಲಬಹುದು. ಆಕೃತಿ ಗ್ರಹಿಸುವುದು, ಒಂದು ವರ್ಗದ ಪದಗಳನ್ನು ಹುಡುಕಿ ತೆಗೆಯುವುದು ಮಿದುಳಿನ ಹಿಂಭಾಗದ ಕೆಲಸ. ಇವು ಕೆಟ್ಟರೆ ಡಿಮೆನ್ಶಿಯಾ ಬೇಗ ಬರುವ ಸಂಭವ ಹೆಚ್ಚು. ಅವರ ಅಧ್ಯಯನದಲ್ಲಿ 90 ಸೆಕೆಂಡಿನಲ್ಲಿ 20ಕ್ಕಿಂತ ಕಡಿಮೆ ಪ್ರಾಣಿಗಳ ಹೆಸರು ಹೇಳಿದ್ದು, ಒಂದರೊಳಗೊಂದು ಸೇರಿದ ಎರಡು ಪಂಚಭುಜಗಳನ್ನು ನೋಡಿ ಬರೆಯಲಾಗದ್ದು, ಮತ್ತು 72 ದಾಟಿದ ವಯಸ್ಸು ಮುಂದಿನ ಡಿಮೆನ್ಶಿಯಾದ ಮುನ್ಸೂಚನೆಗಳಾಗಿದ್ದವು. ಪೆನ್ನು, ಕಾಗದ, ಗಡಿಯಾರ ಇದ್ದರೆ ಸಾಕು.

ಇವನ್ನು ಮನೆಯಲ್ಲಿ ನೋಡಬೇಕೆಂದರೆ ಕೆಲವು ಎಚ್ಚರಿಕೆ. ಪಾರ್ಕಿನ್ಸನ್‌ನವರ ಕೈಬರಹ ಸಣ್ಣದಾಗಿ, ಗೆರೆ ಅಲುಗಾಡುತ್ತದೆ. ಚಿತ್ರದಲ್ಲಿ ನೋಡಬೇಕಾದದ್ದು ಗೆರೆಯ ಅಂದವನ್ನಲ್ಲ. ಎರಡೂ ಆಕೃತಿಗೆ ಐದೈದು ಮೂಲೆ ಇವೆಯೇ, ಒಂದನ್ನೊಂದು ಕತ್ತರಿಸಿವೆಯೇ, ಕತ್ತರಿಸಿದ ಜಾಗಕ್ಕೆ ನಾಲ್ಕು ಮೂಲೆ ಇದೆಯೇ ಎಂದು. ಪ್ರಾಣಿಗಳ ಹೆಸರು ಹೇಳಿಸುವಾಗ ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತನ್ನೇ ಆರಿಸಿ, ಏಕೆಂದರೆ ಬಾಯಿಯ ಸ್ನಾಯುಗಳೂ ಬಿಗಿದಿರುತ್ತವೆ. ವಾರಕ್ಕೊಮ್ಮೆ ಕೇಳಿದರೆ ಪಟ್ಟಿ ಬಾಯಿಪಾಠವಾಗಿ ಅರ್ಥ ಕಳೆದುಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ಸಾಕು. ಕ್ಲಿನಿಕ್ಕಿನಲ್ಲಿ ಮಾಡುವ 30 ಅಂಕದ ಮೊಕಾ ಪರೀಕ್ಷೆ ಕನ್ನಡದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಸಂಪುಟವೂ ಐದು ಭಾಷೆಗಳಲ್ಲಿದ್ದು ಕನ್ನಡ ಅದರಲ್ಲೊಂದು. ಮೊಕಾದಲ್ಲಿ 26ಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ಪರೀಕ್ಷೆ ಬೇಕು, 21ಕ್ಕಿಂತ ಕಡಿಮೆ ಬಂದರೆ ಡಿಮೆನ್ಶಿಯಾ ಇದೆಯೇ ಎಂದು ನೋಡಬೇಕು ಎನ್ನುವುದು ಓದಿದವರನ್ನು ಪರೀಕ್ಷಿಸಿ ಹಾಕಿದ ಗಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರನ್ನು ಅದೇ ಗಡಿಯಿಂದ ಅಳೆಯುವುದು ಅನ್ಯಾಯ. ಮಕ್ಕಳ ಮನೆಗೆಂದು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋದ ಹಿರಿಯರನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೂ ಹಾಗೆಯೇ. ಅಲ್ಲಿ ಕನ್ನಡದ ಆವೃತ್ತಿಯನ್ನೇ ಕೇಳಿ ಪಡೆಯಬೇಕು. ಹಳೆಯ ಎಂಎಂಎಸ್‌ಇ ಪರೀಕ್ಷೆಯಲ್ಲಿ 28 ಬಂದಿದೆ ಎಂದು ನೆಮ್ಮದಿಯಾಗಿರಬೇಡಿ. ಅದು ನೆನಪು, ಭಾಷೆಯನ್ನು ಹೆಚ್ಚು ನೋಡುತ್ತದೆ. ಪಾರ್ಕಿನ್ಸನ್‌ನಲ್ಲಿ ಮೊದಲು ಕೆಡುವ ಯೋಜನೆ, ಗಮನವನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಎಲ್ಲರಿಗೂ ಇದು ಬರುತ್ತದೆಯೇ? ಸಿಡ್ನಿಯ ಅಧ್ಯಯನದಲ್ಲಿ 20 ವರ್ಷ ಕಾಯಿಲೆಯೊಡನೆ ಬದುಕಿದವರಲ್ಲಿ ನೂರಕ್ಕೆ 83 ಮಂದಿಗೆ ಡಿಮೆನ್ಶಿಯಾ ಇತ್ತು. ಈ ಅಂಕಿ ಇಂಟರ್‌ನೆಟ್ಟಿನಲ್ಲಿ ಓಡಾಡುತ್ತಾ ಬಹಳ ಜನರನ್ನು ಹೆದರಿಸಿದೆ. 2024ರಲ್ಲಿ ಪ್ರಕಟವಾದ ಲೆಕ್ಕ ಅಷ್ಟು ಕಠೋರವಾಗಿಲ್ಲ: ಅಂತರರಾಷ್ಟ್ರೀಯ ಗುಂಪೊಂದರಲ್ಲಿ 10 ವರ್ಷದ ಹೊತ್ತಿಗೆ ಸುಮಾರು ಶೇ 9, ಪೆನ್ಸಿಲ್ವೇನಿಯಾದ ಇನ್ನೊಂದು ಗುಂಪಿನಲ್ಲಿ ಶೇ 27. ಎರಡು ಗುಂಪಿನ ವಯಸ್ಸು, ಓದು, ಆರೋಗ್ಯ ಬೇರೆಬೇರೆ, ಅದಕ್ಕೇ ಇಷ್ಟು ಅಂತರ. ಹಾಗಾಗಿ ಸರಾಸರಿಗಿಂತ ಒಬ್ಬೊಬ್ಬರ ಲಯ ಎಲ್ಲಿದೆ ಎಂದು ನೋಡುವುದಕ್ಕೆ ಬೆಲೆ ಹೆಚ್ಚು ಎನ್ನುವುದು ನನ್ನ ನಿಲುವು.

ದಾಖಲಿಸುವಾಗ ಕೆಡುವುದು ಎಲ್ಲಿ

ಇಇಜಿಯ ದೊಡ್ಡ ಗುಣ, ಅದು ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ, ಸೂಜಿ ಚುಚ್ಚುವುದಿಲ್ಲ, ಖರ್ಚು ಕಡಿಮೆ. ಆದರೆ ನಮ್ಮಲ್ಲಿ ಅದು ನಡೆಯುವುದು ಮುಖ್ಯವಾಗಿ ಫಿಟ್ಸ್ ಹುಡುಕಲು. ಫಿಟ್ಸ್‌ಗೆ ಬೇಕಾದ ಸಿದ್ಧತೆ ಬೇರೆ, ಇದಕ್ಕೆ ಬೇಕಾದದ್ದು ಬೇರೆ.

ಮೊದಲನೆಯದು ನಿದ್ದೆ. ಫಿಟ್ಸ್ ಹುಡುಕುವಾಗ ರಾತ್ರಿ ನಿದ್ದೆಗೆಟ್ಟು ಬರಲು ಹೇಳುವುದುಂಟು, ನಿದ್ದೆಯಲ್ಲಿ ಅದರ ಗುರುತು ಸುಲಭವಾಗಿ ಸಿಗುತ್ತದೆ ಎಂದು. ಹಿನ್ನೆಲೆಯ ಲಯ ನೋಡಲು ಹಾಗೆ ಮಾಡಿದರೆ ಇಡೀ ದಾಖಲೆ ವ್ಯರ್ಥ. ತೂಕಡಿಸಿದರೆ ಯಾರಿಗಾದರೂ ಆಲ್ಫಾ ಒಡೆದು ಥೀಟಾ ಬರುತ್ತದೆ. ಪಾರ್ಕಿನ್ಸನ್‌ನವರಿಗೆ ಹಗಲು ತೂಕಡಿಕೆ ಮೊದಲೇ ಜಾಸ್ತಿ. ಕನಸಿನಲ್ಲಿ ಕೈಕಾಲು ಬಡಿಯುವ ನಿದ್ದೆಯ ತೊಂದರೆ ಬಹಳ ಮಂದಿಗಿರುತ್ತದೆ, ಪಾರ್ಕಿನ್ಸನ್‌ಗೆ ಕೊಡುವ ಪ್ರಮಿಪೆಕ್ಸೋಲ್‌ನಂಥ ಮಾತ್ರೆಗಳೂ ನಿದ್ದೆ ತರಿಸುತ್ತವೆ. ಆದ್ದರಿಂದ ಚೆನ್ನಾಗಿ ಮಲಗಿದ ರಾತ್ರಿಯ ಮರುದಿನ ಬೆಳಗ್ಗೆ ಹೋಗುವುದು ಒಳ್ಳೆಯದು. ಟೆಕ್ನಿಷಿಯನ್ ಅರ್ಧ ನಿಮಿಷ, ಒಂದು ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕರೆದು, ಕಣ್ಣು ತೆರೆಸಿ ಮುಚ್ಚಿಸುತ್ತಿರಬೇಕು. ಎಚ್ಚರವಿಡಲೆಂದು ನೂರರಿಂದ ಏಳೇಳು ಕಳೆಯಿರಿ ಎಂದು ಲೆಕ್ಕ ಕೊಡಬಾರದು. ಲೆಕ್ಕ ಮಾಡುವಾಗ ಆಲ್ಫಾ ಅಡಗುತ್ತದೆ, ಜೊತೆಗೆ ಕೈನಡುಕ ಹೆಚ್ಚುತ್ತದೆ.

ಆ ನಡುಕವೇ ಇಲ್ಲಿನ ಅತಿ ದೊಡ್ಡ ಬಲೆ. ಪಾರ್ಕಿನ್ಸನ್‌ನ ವಿಶ್ರಾಂತಿಯ ನಡುಕ ಸೆಕೆಂಡಿಗೆ 4ರಿಂದ 6 ಸಲ. ಥೀಟಾದ ವೇಗವೂ ಅದೇ! ಕೈ ನಡುಗಿದರೆ ಮೈ ಅಲುಗುತ್ತದೆ, ತಲೆ ದಿಂಬಿನ ಮೇಲೆ ಉಜ್ಜುತ್ತದೆ, ದಿಂಬಿಗೆ ತಗಲಿರುವ ಎಲೆಕ್ಟ್ರೋಡುಗಳು ಯಾವುವು? ನಮಗೆ ಬೇಕಾದ ಹಿಂಭಾಗದವೇ. ಕಾಗದದ ಮೇಲೆ ಸೊಗಸಾದ 5 ಹರ್ಟ್ಸ್ ಅಲೆ ಮೂಡುತ್ತದೆ, ಗಮನವಿಲ್ಲದವರು ಅದನ್ನು ಮಿದುಳಿನ ಅಲೆಯೆಂದು ಬರೆದುಬಿಡುತ್ತಾರೆ. ತಪ್ಪಿಸಲು ಎರಡು ದಾರಿ. ಮಲಗಿಸುವ ಬದಲು ಒರಗುವ ಕುರ್ಚಿಯಲ್ಲಿ ಕೂರಿಸಿ, ಟವೆಲ್ ಸುರುಳಿ ಸುತ್ತಿ ಕತ್ತಿನ ಹಿಂದೆ ಇಟ್ಟರೆ ತಲೆಯ ಹಿಂಭಾಗ ಗಾಳಿಯಲ್ಲಿರುತ್ತದೆ. ಇನ್ನೊಂದು, ಖಾಲಿ ಇರುವ ಚಾನಲ್ಲಿಗೆ ನಡುಗುವ ಕೈಯ ಮುಂಗೈ ಸ್ನಾಯುವಿನ ಮೇಲೆ ಎರಡು ಎಲೆಕ್ಟ್ರೋಡು ಹಚ್ಚಿ ಜೊತೆಯಲ್ಲೇ ದಾಖಲಿಸುವುದು. ಕೈಯ ಗೆರೆಯೂ ತಲೆಯ ಗೆರೆಯೂ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರೆ ಅದು ನಡುಕ, ಲೆಕ್ಕಕ್ಕೆ ಬಿಡಬೇಕು.

ಎಣ್ಣೆಯ ವಿಷಯ ಹೇಳದಿದ್ದರೆ ಆಗದು. ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆದು, ಕೊಬ್ಬರಿ ಎಣ್ಣೆ ಸೋಕಿಸದೆ ಬರಬೇಕು. ಎಣ್ಣೆಯಿದ್ದರೆ ಪೇಸ್ಟು ಹಿಡಿಯದೆ ವಿದ್ಯುತ್ತಿಗೆ ತಡೆ ಏರುತ್ತದೆ. ಪ್ರತಿ ಎಲೆಕ್ಟ್ರೋಡಿನ ತಡೆ 5 ಕಿಲೋಓಮ್‌ನ ಒಳಗಿರಬೇಕು, ಇಲ್ಲದಿದ್ದರೆ ಕರೆಂಟಿನ 50 ಹರ್ಟ್ಸ್ ಗದ್ದಲ ಒಳಗೆ ನುಗ್ಗುತ್ತದೆ. ತಲೆಯ ಮೇಲೆ 19 ಎಲೆಕ್ಟ್ರೋಡುಗಳ ಸಾಮಾನ್ಯ ಜೋಡಣೆಯೇ ಈ ಕೆಲಸಕ್ಕೆ ಸಾಕು.

ಲೆವೊಡೋಪಾ ನುಂಗಿದ ಗಂಟೆಯನ್ನು ಬರೆದಿಡಿ. ಮಾತ್ರೆ ಬಿಟ್ಟು ಹೋಗುವ ಅಗತ್ಯವಿಲ್ಲ, ಬಿಟ್ಟರೆ ಬಿಗಿತ, ನಡುಕ ಹೆಚ್ಚಾಗಿ ದಾಖಲೆಯೇ ಕೆಡುತ್ತದೆ. ನುಂಗಿ ಸುಮಾರು ಒಂದು ಗಂಟೆಯ ಮೇಲೆ, ಕೈಕಾಲು ಸಡಿಲವಾಗಿರುವಾಗ ಮಾಡಿಸುವುದು ಸರಿ. ಆ ಹೊತ್ತಿಗೆ ಮೈ ತಾನಾಗಿ ನುಲಿಯುವವರಿಗೆ ಮಾತ್ರ ಬೇರೆ ಹೊತ್ತು ನೋಡಬೇಕಾಗುತ್ತದೆ. ಮುಂದಿನ ಸಲವೂ ಅದೇ ಅಂತರವಿರಲಿ. ಕ್ಲೊನಾಜಿಪಾಮ್ ಬೀಟಾ ಹೆಚ್ಚಿಸುತ್ತದೆ, ಕ್ಲೋಜಪಿನ್ ನಿಧಾನದ ಅಲೆ ತರುತ್ತದೆ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಓದುವವರ ಕೈಯಲ್ಲಿರಬೇಕು, ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದದ್ದೂ ಸೇರಿ.

ಓದುವ ಕೆಲಸ ಬೇಗ ಹೇಳಿಬಿಡಬಹುದು. ಹತ್ತು ಸೆಕೆಂಡಿನ ಪುಟದಲ್ಲಿ, ಹಿಂಭಾಗದ ಗೆರೆಯಲ್ಲಿ, ಒಂದು ಸೆಕೆಂಡಿಗೆ ಎಷ್ಟು ಶಿಖರ ಎಂದು ನಾಲ್ಕೈದು ಕಡೆ ಎಣಿಸಬೇಕು. ಕಣ್ಣು ಮುಚ್ಚಿದ ಮೊದಲ ಒಂದೆರಡು ಸೆಕೆಂಡು ಬಿಡಬೇಕು, ಆಗ ಆಲ್ಫಾ ಕ್ಷಣಮಾತ್ರ ವೇಗವಾಗಿರುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸುವುದಾದರೆ 2 ಸೆಕೆಂಡಿನ ತುಣುಕು ತೆಗೆದುಕೊಂಡರೆ ಅರ್ಧ ಹರ್ಟ್ಸ್‌ನಷ್ಟು ಮಾತ್ರ ಸೂಕ್ಷ್ಮತೆ ಸಿಗುತ್ತದೆ. 4 ಸೆಕೆಂಡಿನ ತುಣುಕಿಗೆ ಕಾಲು ಹರ್ಟ್ಸ್. 8.5ರ ಆಚೆ ಈಚೆ ನೋಡುವ ಕೆಲಸಕ್ಕೆ ಕಾಲು ಹರ್ಟ್ಸ್ ಬೇಕೇ ಬೇಕು. ವರದಿ ಕೇಳುವಾಗ 'ಹಿನ್ನೆಲೆ ಸಹಜವಾಗಿದೆ' ಎಂಬ ಸಾಲಿಗೆ ತೃಪ್ತರಾಗದೆ ಸಂಖ್ಯೆಯನ್ನೇ ಬರೆದುಕೊಡಲು ಕೇಳಿ. ಸಾಧ್ಯವಾದರೆ ಇಡಿಎಫ್ ರೂಪದ ಮೂಲ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಮೊದಲು 10.5 ಇದ್ದವರು 8.75ಕ್ಕೆ ಇಳಿದರೂ ವರದಿ ಸಹಜ ಎಂದೇ ಹೇಳುತ್ತದೆ. ಇಳಿದಿದೆ ಎಂದು ಗೊತ್ತಾಗುವುದು ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ.

ನಿಧಾನದ ಲಯ ಕಂಡ ಕೂಡಲೇ ಪಾರ್ಕಿನ್ಸನ್ ಡಿಮೆನ್ಶಿಯಾ ಎಂದು ಬರೆದುಕೊಳ್ಳಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿತ, ನೀರು ಸಾಲದಿರುವುದು, ಥೈರಾಯ್ಡ್ ಕಡಿಮೆ, ಯಕೃತ್ತು ಮೂತ್ರಪಿಂಡಗಳ ತೊಂದರೆ, ಬಿ12 ಕೊರತೆ, ಯಾವುದರಿಂದಲೂ ಲಯ ಇಳಿಯಬಹುದು. ಬಿ12 ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಮೊದಲೇ ಕಡಿಮೆ. ಲೆವೊಡೋಪಾ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತುವನ್ನು ಏರಿಸುವುದರಿಂದ ಬಿ12 ಮಟ್ಟ ನೋಡಿಸುವುದು ಇನ್ನಷ್ಟು ಅಗತ್ಯ. ಕಾಲ ನೋಡುವುದೂ ಮುಖ್ಯ. ಪಾರ್ಕಿನ್ಸನ್‌ನ ಬುದ್ಧಿಯ ಇಳಿತ ತಿಂಗಳು, ವರ್ಷಗಳಲ್ಲಿ ಆಗುವಂಥದ್ದು. ಮೊನ್ನೆ ಸರಿಯಿದ್ದವರು ಇವತ್ತು ಗೋಡೆಯ ಮೇಲೆ ಮಕ್ಕಳು ಓಡಾಡುತ್ತಿದ್ದಾರೆ ಎಂದರೆ ಮೂತ್ರ ಪರೀಕ್ಷೆ, ಸೋಡಿಯಂ ಮೊದಲು ಮಾಡಿಸಿ, ಮಲ ಕಟ್ಟಿದೆಯೇ ನೋಡಿ, ಹೊಸ ಮಾತ್ರೆ ಯಾವುದು ಸೇರಿತು ಎಂದು ಹುಡುಕಿ. ಇಇಜಿ ಅದೆಲ್ಲ ಸರಿಹೋಗಿ ಕೆಲವು ವಾರ ಕಳೆದ ಮೇಲೆ.

ಉಳಿದ ಪರೀಕ್ಷೆಗಳನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಸಕ್ಕರೆಯ ಬಳಕೆ ತೋರಿಸುವ ಎಫ್‌ಡಿಜಿ ಪೆಟ್‌ನಲ್ಲಿ ಬುದ್ಧಿಯ ಇಳಿತಕ್ಕೆಂದೇ ಒಂದು ನಕ್ಷೆ ಸಿಗುತ್ತದೆ: ಮಿದುಳಿನ ಹಿಂಬದಿಯ ಪ್ರಿಕ್ಯೂನಿಯಸ್, ಪರೈಟಲ್ ಭಾಗದ ಕೆಳಪಟ್ಟಿ ಮತ್ತು ಮುಂಭಾಗದ ಕೆಲವು ಪ್ರದೇಶಗಳಲ್ಲಿ ಚಟುವಟಿಕೆ ಕಡಿಮೆ, ಕಿರುಮಿದುಳಿನಲ್ಲಿ ತುಲನೆಗೆ ಹೆಚ್ಚು. 2007ರಲ್ಲಿ ನ್ಯೂಯಾರ್ಕಿನ ಗುಂಪೊಂದು ಇದನ್ನು ವಿವರಿಸಿತು. ಇದೂ ಲೆವೊಡೋಪಾಗೆ ಬಗ್ಗುವುದಿಲ್ಲ. ಟ್ರೊಡ್ಯಾಟ್ ಸ್ಕ್ಯಾನ್ ತೋರಿಸುವುದು ಡೋಪಮಿನ್ ನರತುದಿಗಳನ್ನು. ಬುದ್ಧಿಯ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕಿ ಹಣ ಸುರಿಯಬೇಡಿ. ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನಿನಲ್ಲಿ ಅದರ ಭಾಗಗಳ ನಡುವಿನ ಹೊಂದಾಣಿಕೆ ಸಡಿಲವಾಗುವುದು ಗುಂಪುಗುಂಪಾಗಿ ನೋಡಿದಾಗ ಕಾಣುತ್ತದೆ, ಒಬ್ಬ ರೋಗಿಗೆ ತೀರ್ಪು ಕೊಡುವ ಮಟ್ಟಕ್ಕೆ ಬಂದಿಲ್ಲ.

ಏನು ತೆಗೆಯಬೇಕು, ಏನು ಕೊಡಬಹುದು

ಲಯ ಇಳಿದಿದೆ, ಪರೀಕ್ಷೆಯ ಅಂಕವೂ ಇಳಿದಿದೆ ಎಂದಾಗ ಹೊಸ ಮಾತ್ರೆ ಬರೆಸುವ ಮೊದಲು ಹಳೆಯ ಚೀಟಿಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಇದೆಯೇ ನೋಡಿ. ಪ್ಯಾಸಿಟೇನ್ ಎಂಬ ಹೆಸರಿನಲ್ಲಿ ಎಷ್ಟೋ ಮನೆಯಲ್ಲಿರುವ ಮಾತ್ರೆ. ನಡುಕ ತಗ್ಗಿಸುತ್ತದೆ, ಅದಕ್ಕೇ ಯಾವಾಗಲೋ ಶುರುವಾಗಿ ಹಾಗೇ ಮುಂದುವರಿದಿರುತ್ತದೆ. ಅದು ಕೆಲಸ ಮಾಡುವುದೇ ಅಸಿಟೈಲ್‌ಕೋಲಿನ್ ತಡೆಯುವ ಮೂಲಕ. ಮೊದಲೇ ಬರಿದಾಗುತ್ತಿರುವುದನ್ನು ಇನ್ನಷ್ಟು ತಡೆದಂತಾಗುತ್ತದೆ. 70 ದಾಟಿದ ಪಾರ್ಕಿನ್ಸನ್ ರೋಗಿಗೆ ಈ ಮಾತ್ರೆ ಮುಂದುವರಿಸಲು ಬಲವಾದ ಕಾರಣ ಬೇಕು, ಸಾಮಾನ್ಯವಾಗಿ ಅಂಥ ಕಾರಣ ಇರುವುದಿಲ್ಲ. ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ವಾರಗಳಲ್ಲಿ ಇಳಿಸಬೇಕು. ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆಗೂ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್ ಇವೂ ಅದೇ ಜಾತಿಯವು. ತಲೆಸುತ್ತಿಗೆ ಬರೆಯುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಡೋಪಮಿನ್ ತಡೆದು ಪಾರ್ಕಿನ್ಸನ್ನನ್ನೇ ಹೆಚ್ಚಿಸುತ್ತವೆ. ಗಲಾಟೆ ಮಾಡುತ್ತಾರೆಂದು ಹ್ಯಾಲೊಪೆರಿಡಾಲ್ ಚುಚ್ಚುವುದು ಅಪಾಯ. ಆಸ್ಪತ್ರೆಗೆ ಸೇರಿಸುವಾಗ ಈ ಮಾತನ್ನು ಕೇಸ್ ಶೀಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ.

ಇಲ್ಲದ್ದು ಕಾಣುವುದು, ಗೊಂದಲ ಮುಂದುವರಿದರೆ ಪಾರ್ಕಿನ್ಸನ್ ಮಾತ್ರೆಗಳನ್ನು ಕಡಿಮೆ ಮಾಡಲು ಒಂದು ಕ್ರಮವಿದೆ. ಅಸಿಟೈಲ್‌ಕೋಲಿನ್ ತಡೆಯುವವು ಮೊದಲು, ಆಮೇಲೆ ಅಮಾಂಟಡಿನ್, ಸೆಲೆಜಿಲಿನ್ ಅಥವಾ ರಾಸಜಿಲಿನ್, ನಂತರ ಪ್ರಮಿಪೆಕ್ಸೋಲ್, ರೊಪಿನಿರೋಲ್, ಆಮೇಲೆ ಎಂಟಕಪೋನ್. ಲೆವೊಡೋಪಾಗೆ ಕೈ ಹಾಕುವುದು ಕೊನೆಗೆ, ಅದೂ ಸ್ವಲ್ಪ ಸ್ವಲ್ಪ. ಇದು ನರರೋಗ ತಜ್ಞರ ಕೆಲಸ. ಮನೆಯವರಿಗೆ ಕ್ರಮ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

ರಿವಾಸ್ಟಿಗ್ಮಿನ್ ಬಗ್ಗೆ ನಿರೀಕ್ಷೆ ಹದವಾಗಿರಲಿ. 2004ರಲ್ಲಿ ಪ್ರಕಟವಾದ 541 ರೋಗಿಗಳ, 24 ವಾರಗಳ ಪ್ರಯೋಗದಲ್ಲಿ ಲಾಭ ನಿಜವಾಗಿ ಕಂಡಿತು, ಆದರೆ ಸಾಧಾರಣ ಮಟ್ಟದ್ದು. ವಾಕರಿಕೆ ನೂರಕ್ಕೆ 29 ಮಂದಿಗೆ ಬಂತು. ಬರೀ ಹುಸಿಮಾತ್ರೆ ನುಂಗಿದವರಲ್ಲಿ 11. ನಡುಕ ಹೆಚ್ಚಾದದ್ದು ಸುಮಾರು 10 ಮಂದಿಗೆ, ಇನ್ನೊಂದು ಗುಂಪಿನಲ್ಲಿ 4. ಕ್ಯಾಪ್ಸೂಲ್ ಆದರೆ 1.5 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಊಟದ ಜೊತೆಗೆ ಶುರು. ಪ್ರತಿ ಮೆಟ್ಟಿಲಿನಲ್ಲಿ ಕನಿಷ್ಠ 4 ವಾರ ನಿಂತು ಮೇಲೇರಬೇಕು. ಆತುರದಿಂದ ಏರಿಸಿದರೆ ವಾಂತಿಯಾಗಿ ಮನೆಯವರೇ ಔಷಧಿ ನಿಲ್ಲಿಸಿಬಿಡುತ್ತಾರೆ. ಔಷಧಿ ಕೆಲಸ ಮಾಡಲಿಲ್ಲ ಎನ್ನುವ ಎಷ್ಟೋ ದೂರುಗಳ ಬೇರು ಇಲ್ಲಿದೆ. ಹೃದಯದ ಬಡಿತ ನಿಧಾನವಾಗುವ ಸಾಧ್ಯತೆ ಇರುವುದರಿಂದ ಶುರು ಮಾಡುವ ಮೊದಲು ಒಂದು ಇಸಿಜಿ ತೆಗೆಸಬೇಕು, ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರು ಅದನ್ನು ಹೇಳಲೇಬೇಕು.

ಚರ್ಮಕ್ಕೆ ಅಂಟಿಸುವ ಪ್ಯಾಚಿನಲ್ಲಿ ವಾಕರಿಕೆ ಕಡಿಮೆ. 24 ಗಂಟೆಗೆ 4.6 ಮಿಲಿಗ್ರಾಂನದರಿಂದ ಶುರುಮಾಡಿ, 4 ವಾರವಾದ ಮೇಲೆ ತಡೆದುಕೊಂಡರೆ 9.5ಕ್ಕೆ. ಇಲ್ಲಿ ಆಗುವ ಭಯಂಕರ ತಪ್ಪು ಒಂದೇ: ಹಳೆಯದನ್ನು ಕೀಳದೆ ಹೊಸದನ್ನು ಅಂಟಿಸುವುದು. ಬೆನ್ನಿನ ಮೇಲಿರುತ್ತದೆ, ಕಾಣುವುದಿಲ್ಲ, ಬೆಳಗ್ಗೆ ಒಬ್ಬರು ಸಂಜೆ ಇನ್ನೊಬ್ಬರು ಹಚ್ಚುತ್ತಾರೆ. ಎರಡು ಮೂರು ಪ್ಯಾಚು ಸೇರಿದರೆ ವಾಂತಿ, ಭೇದಿ, ಹೃದಯ ಬಡಿತ ತೀರಾ ಇಳಿಯುವುದು, ಪ್ರಾಣಕ್ಕೇ ಅಪಾಯ. ಹಳೆಯದನ್ನು ಕಿತ್ತು, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಗುರುತು ಹಾಕಿ, ಅಂಟು ಒಳಗಾಗುವಂತೆ ಮಡಚಿ ಎಸೆದ ಮೇಲೆಯೇ ಹೊಸದನ್ನು ಕವರಿನಿಂದ ತೆಗೆಯುವ ನಿಯಮ ಮನೆಯಲ್ಲಿರಲಿ. ಬೆನ್ನಿನ ಮೇಲ್ಭಾಗ, ಎದೆ, ತೋಳು, ಯಾವುದಾದರೂ ಸರಿ; ಅದೇ ಜಾಗಕ್ಕೆ 14 ದಿನ ಮತ್ತೆ ಬೇಡ. ಕತ್ತರಿಸಿ ಅರ್ಧ ಹಚ್ಚುವುದು ಬೇಡ. ಎಣ್ಣೆ ಸ್ನಾನದ ದಿನ ಪ್ಯಾಚು ಜಾರುತ್ತದೆ, ರಾಯಚೂರು, ಕಲಬುರಗಿಯ ಬೇಸಿಗೆಯ ಬೆವರಿಗೂ ಜಾರುತ್ತದೆ. ಸ್ನಾನವಾಗಿ, ಮೈ ಒರೆಸಿ, ಚರ್ಮ ಪೂರ್ತಿ ಒಣಗಿದ ಮೇಲೆ ಅಂಟಿಸಿ ಅರ್ಧ ನಿಮಿಷ ಅಂಗೈಯಿಂದ ಒತ್ತಿ ಹಿಡಿಯಬೇಕು. ಊರಿಗೆ ಹೋಗಿ ಮರೆತೋ, ಅಂಗಡಿಯಲ್ಲಿ ಸಿಗದೆಯೋ 3 ದಿನಕ್ಕಿಂತ ಹೆಚ್ಚು ತಪ್ಪಿದರೆ ಹಿಂದಿನ 9.5ನ್ನೇ ನೇರ ಹಚ್ಚಬೇಡಿ; ವೈದ್ಯರಿಗೆ ಹೇಳಿ ಮತ್ತೆ 4.6ರಿಂದ ಶುರು ಮಾಡಬೇಕು.

ಇಇಜಿಯನ್ನು ಮತ್ತೆ ಯಾವಾಗ ಮಾಡಿಸುವುದು ಎಂದರೆ, ಮೊದಲನೆಯದನ್ನು ಬುದ್ಧಿ ಚುರುಕಾಗಿರುವಾಗಲೇ ಮಾಡಿಸಿಟ್ಟರೆ ಉಪಯೋಗ ಹೆಚ್ಚು. ಆಮೇಲೆ ವರ್ಷಕ್ಕೊಮ್ಮೆಗಿಂತ ಹೆಚ್ಚು ಬೇಡ. ಡಿಬಿಎಸ್ ಶಸ್ತ್ರಚಿಕಿತ್ಸೆಯ ಮಾತು ಎದ್ದರೆ ಅದಕ್ಕೆ ಮೊದಲು ಬುದ್ಧಿಯ ಪರೀಕ್ಷೆಗಳ ಜೊತೆಗೆ ಇದನ್ನೂ ಮಾಡಿಸಿ. ಆ ಶಸ್ತ್ರಚಿಕಿತ್ಸೆಯ ನಂತರ ಪದಗಳನ್ನು ಹುಡುಕಿ ಹೇಳುವ ವೇಗ ತುಸು ಇಳಿಯುವುದು ಗೊತ್ತಿರುವ ಸಂಗತಿ, ಡಿಮೆನ್ಶಿಯಾ ಶುರುವಾಗಿರುವವರಿಗೆ ಅದನ್ನು ಸಾಮಾನ್ಯವಾಗಿ ಮಾಡುವುದೂ ಇಲ್ಲ. ಪ್ರತಿ ವರದಿಯ ಮೇಲೆ ದಿನಾಂಕ, ಮಾಡಿಸಿದ ಗಂಟೆ, ಕೊನೆಯ ಲೆವೊಡೋಪಾ ನುಂಗಿದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಆಗಿನ ಮಾತ್ರೆಗಳ ಪಟ್ಟಿ ಬರೆದು ಒಂದೇ ಫೈಲಿನಲ್ಲಿ, ಹಳೆಯದರ ಮೇಲೆ ಹೊಸದು ಬರುವಂತೆ ಇಡಿ.